ಶನಿವಾರದೊಳಗೆ ಒಂದು ನಗು

ಈ ಊರಿನ ಅರ್ಧಕ್ಕರ್ಧ ಜನರ ಮುಖ ನಮ್ಮವರ ಕ್ಯಾಮೆರಾದೊಳಗೆ ಹೊಕ್ಕು ಬಂದಿದೆ. ಶಾಲೆಗೆ ಸೇರುವವರು, ಕೆಲಸಕ್ಕೆ ಅರ್ಜಿ ಹಾಕುವವರು, ವಿಮಾನ ಹತ್ತುವವರು, ಎಲ್ಲರೂ ನಮ್ಮ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು, ಬಿಳಿ ಪರದೆಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ಎದ್ದು ಹೋದವರೇ. ನಮ್ಮವರು ಫೋಟೋ ತೆಗೆಯುತ್ತಾರೆ, ನಾನು ಕೌಂಟರಿನಲ್ಲಿ ಕೂತು ಅದನ್ನು ಅಳತೆಗೆ ಕತ್ತರಿಸಿ ಲಕೋಟೆಗೆ ಹಾಕಿ ಕೊಡುತ್ತೇನೆ. ಮದುವೆಯಾದಾಗಿನಿಂದ, ಅಂದರೆ ಮೂವತ್ತೊಂದು ವರ್ಷದಿಂದ, ಇದೇ ಕೆಲಸ. ಅಷ್ಟು ವರ್ಷದಲ್ಲಿ ಒಂದಾದರೂ ನಗುಮುಖ ಕತ್ತರಿಸಿದ ನೆನಪು ನನಗಿಲ್ಲ. ಪಾಸ್‌ಪೋರ್ಟ್ ಫೋಟೋದಲ್ಲಿ ನಗುವ ಹಾಗಿಲ್ಲ. ಬಾಯಿ ಮುಚ್ಚಿರಬೇಕು, ಎರಡೂ ಕಿವಿ ಕಾಣಬೇಕು, ಕಣ್ಣು ನೆಟ್ಟಗಿರಬೇಕು. ನೋಡಿದವರಿಗೆ ಇವರೇನೋ ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾರೆ ಅನ್ನಿಸಬೇಕು, ಆಗ ಅರ್ಜಿ ಪಾಸು.

ಜನವರಿಯಲ್ಲಿ ಮಗಳು ತನ್ನ ಹಳೇ ಫೋನ್ ನನಗೆ ಕೊಟ್ಟಳು. ಕೊಟ್ಟಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಒಣಗಲು ಬಿಚ್ಚಿಟ್ಟ ಕೊಡೆ, ಕಿಟಕಿಯಿಂದ ಇಳಿಬಿದ್ದ ಬೆಕ್ಕಿನ ಬಾಲ, ಚಪ್ಪಲಿ ಹೊಲಿಯುವವನು ತುಟಿಯಲ್ಲಿ ಕಚ್ಚಿಕೊಂಡಿದ್ದ ನಾಲ್ಕು ಮೊಳೆ, ಕಂಡದ್ದೆಲ್ಲ ಫೋಟೋ. ಮೊದಲ ದಿನವೇ ಅರವತ್ತನಾಲ್ಕು ತೆಗೆದೆ. ನಮ್ಮವರು ಅದನ್ನೆಲ್ಲ ಬೆರಳಿನಲ್ಲಿ ಸರಸರ ತಳ್ಳಿ ನೋಡಿ ಮೂಗು ಮುರಿದರು.

"ಇದೇನೇ ಇದು, ಮರಕ್ಕೆ ಕಲ್ಲು ತೂರಿದ ಹಾಗೆ? ನೂರು ತೂರಿದ್ರೆ ಒಂದು ಹಣ್ಣು ಯಾರಿಗಾದ್ರೂ ಬೀಳತ್ತೆ. ರೀಲು ಹಾಕ್ತಿದ್ದ ಕಾಲದಲ್ಲಿ ಒಂದು ಮುಖಕ್ಕೆ ಒಂದೇ ಸಲ ಒತ್ತೋದು. ನಿನ್ನ ಕೈಲಿ ಆಗತ್ತಾ?"

"ಯಾಕಾಗಲ್ಲ?" ಅಂದೆ. ಬಾಯಿ ತಪ್ಪಿ ಅಂದದ್ದಲ್ಲ, ಹಠಕ್ಕೇ ಅಂದೆ. ಅಂದಿನಿಂದ ದಿನಕ್ಕೆ ಒಂದೇ ಫೋಟೋ, ಒಂದೇ ಸಲ ಒತ್ತುವುದು. ಚೆನ್ನಾಗಿ ಬಂದರೂ ಅದೇ, ಕೆಟ್ಟರೂ ಅದೇ. ಅಳಿಸುವ ಹಾಗಿಲ್ಲ, ಇನ್ನೊಂದು ತೆಗೆಯುವ ಹಾಗಿಲ್ಲ.

ಅದು ಎಂಥ ಮಜಾ ಅಂತ ಹೇಳಲಿ! ಬೆಳಿಗ್ಗೆ ಏಳುವಾಗಲೇ ಇವತ್ತು ಯಾವುದು ಸಿಗುತ್ತೋ ಅಂತ ಮೈಯೆಲ್ಲ ಕಣ್ಣಾಗುತ್ತಿತ್ತು. ನೂರು ಸಲ ನಡೆದ ಬೀದಿಯಲ್ಲೇ ಎಡವುತ್ತಾ ನಡೆದೆ, ಯಾಕೆಂದರೆ ಕಾಲು ಒಂದು ಕಡೆ, ಕಣ್ಣು ಹತ್ತು ಕಡೆ. ಎಂಟು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ.

ನಡುವೆ ಭಾವ ತೀರಿಕೊಂಡರು, ನಮ್ಮವರ ಅಣ್ಣ. ಅವರು ನಕ್ಕರೆ ಪಕ್ಕದ ಬೀದಿಗೆ ಕೇಳುತ್ತಿತ್ತು. ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದರೆ ಮನೆಯೆಲ್ಲ ಜಾಲಾಡಿದರೂ ಸಿಕ್ಕಿದ್ದು ನಮ್ಮ ಸ್ಟುಡಿಯೋದ ಪಾಸ್‌ಪೋರ್ಟ್ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿ ಹಾಕಿದರು. ಮೊನ್ನೆ ಅವರ ಮೊಮ್ಮಗಳು ಅದನ್ನು ನೋಡಿ, "ಅಜ್ಜ ಯಾಕೆ ಯಾವಾಗ್ಲೂ ಸಿಟ್ಟು?" ಅಂತ ಕೇಳಿತು.

ಆಗಲೇ ನಮ್ಮವರದೂ ಲೆಕ್ಕ ಹಾಕಿದೆ. ಊರಿನವರ ಮುಖವೆಲ್ಲ ತೆಗೆದವರದು ನಗುವ ಫೋಟೋ ಒಂದೂ ಇಲ್ಲ! ಮದುವೆಯ ಫೋಟೋದಲ್ಲಿ ಕೂಡ ಲೈಟು ಸರಿಯಾಗಿದೆಯೋ ಇಲ್ಲವೋ ಅಂತ ನೆಟ್ಟಗೆ ನೋಡುತ್ತಾ ನಿಂತಿದ್ದಾರೆ. ಹಾಗಂತ ನಗದ ಮನುಷ್ಯ ಅಲ್ಲವೇ ಅಲ್ಲ. ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದಿ ಇದೆ. ನಕ್ಕರೆ ಆ ಸಂದಿಯಿಂದ ಸುಯ್ ಅಂತ ಗಾಳಿ ಹೊರಡುತ್ತದೆ, ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ, ಕೈ ತೊಡೆಯ ಮೇಲೆ ಪಟಪಟ ಬಡಿಯುತ್ತದೆ. ಆದರೆ ಲೆನ್ಸು ಕಂಡಿತೋ, ಮುಗಿಯಿತು. ಕಾಲರು ತಾನಾಗಿ ಸರಿಯಾಗುತ್ತದೆ, ಗದ್ದ ಮೇಲೇರುತ್ತದೆ, ಬಾಯಿಗೆ ಬೀಗ.

ಇಷ್ಟರ ಮೇಲೆ ಹಲ್ಲಿನ ಡಾಕ್ಟರು ಬೇರೆ. ಮೇಲಿನ ಸಾಲು ಪೂರ್ತಿ ಅಲ್ಲಾಡುತ್ತಿದೆ, ಶನಿವಾರ ಬೆಳಿಗ್ಗೆ ಬನ್ನಿ, ಎಲ್ಲ ತೆಗೆದು ಹೊಸ ಸೆಟ್ಟು ಕೂರಿಸೋಣ ಅಂದರು. ಹೊಸ ಸೆಟ್ಟಿನಲ್ಲಿ ಸಂದಿ ಎಲ್ಲಿಂದ ಬರಬೇಕು? ಇವರ ನಗು ಶನಿವಾರ ಹತ್ತು ಗಂಟೆಗೆ ಡಾಕ್ಟರ ತಟ್ಟೆಗೆ ಬೀಳುತ್ತದೆ. ನನ್ನ ಹತ್ತಿರ ಉಳಿದದ್ದು ಐದು ದಿನ, ಐದು ಫೋಟೋ.

ಸೋಮವಾರ ಇವರು ಫೋನಿನಲ್ಲಿ ಹಳೇ ಗೆಳೆಯನ ಜೊತೆ ಹರಟುವಾಗ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಹೊಂಚು ಹಾಕಿದೆ. ಇಪ್ಪತ್ತು ನಿಮಿಷ! ಕಾಲು ಜೋಮು ಹಿಡಿಯಿತು. ಕೊನೆಗೆ ಸುಯ್ ಅನ್ನುವ ಸದ್ದು ಬಂತು. ಧಡಕ್ಕನೆ ಹೊರಬಂದು ಒತ್ತಿದರೆ, ಜೋಮು ಹಿಡಿದ ಕಾಲು ಕೈಕೊಟ್ಟಿತು. ಬಂದದ್ದು ಫ್ಯಾನಿನ ಫೋಟೋ.

ಮಂಗಳವಾರ ನೇರವಾಗಿ ಕೇಳಿಯೇಬಿಟ್ಟೆ. "ರೀ, ಒಂದು ಸಲ ನಗ್ರಿ, ಫೋಟೋ ತೆಗೀತೀನಿ." ಪಾಪ, ಒಪ್ಪಿದರು. ನಕ್ಕರು ಕೂಡ. ಹೊಟ್ಟೆನೋವಿನವರು ನಕ್ಕ ಹಾಗಿತ್ತು.

ಬುಧವಾರದ ಕಥೆ ಕೇಳಬೇಡಿ. ಮಧ್ಯಾಹ್ನ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ದೊಡ್ಡ ಕಟ್ಟಡದ ಗಾಜು ಒರೆಸುವ ಮೂವರು ಐದನೇ ಮಹಡಿಯ ಎತ್ತರದಲ್ಲಿ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಗಾಜಿನೊಳಗೂ ಮೂವರು, ಅವರೂ ಊಟ ಮಾಡುತ್ತಿದ್ದರು! ಕೈ ನನ್ನ ಮಾತು ಕೇಳಲೇ ಇಲ್ಲ, ಒತ್ತಿಬಿಟ್ಟಿತು. ಎಂಟು ತಿಂಗಳಲ್ಲಿ ಅಂಥ ಫೋಟೋ ಬಂದಿರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು, ಬಸ್ಸು ಹತ್ತಿದ ಮೇಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಂದು ದಿನ ನೀರುಪಾಲು.

ಗುರುವಾರ ನಾನು ಪಾತ್ರೆ ತೊಳೆಯುತ್ತಿದ್ದಾಗ ಇವರು ಪತ್ರಿಕೆಯಲ್ಲಿ ಅದೇನೋ ಓದಿ ಬಿದ್ದು ಬಿದ್ದು ನಕ್ಕರು. ಓಡಿ ಬಂದೆ, ಫೋನ್ ಎತ್ತಿದೆ, ಒದ್ದೆ ಬೆರಳು ಒತ್ತಿದರೆ ಅದು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬೆರಳು ಒರೆಸಿ ಒತ್ತುವಷ್ಟರಲ್ಲಿ ಗದ್ದ ಮೇಲೇರಿತ್ತು.

ಉಳಿದದ್ದು ಶುಕ್ರವಾರ. ಬೆಳಿಗ್ಗೆಯಿಂದ ಫೋನನ್ನು ಕೌಂಟರಿನ ಮೇಲೆ ಕೈಗೆಟುಕುವ ಹಾಗೆ ಇಟ್ಟುಕೊಂಡೆ, ಬೆರಳು ಒಣಗಿದೆಯಾ ಅಂತ ಗಳಿಗೆಗೊಮ್ಮೆ ನೋಡಿಕೊಂಡೆ. ಇವರು ಮಾತ್ರ ನಾಲಿಗೆಯಲ್ಲಿ ಹಲ್ಲು ಮುಟ್ಟಿ ನೋಡಿಕೊಂಡೇ ಕೂತಿದ್ದರು. ನಾಳಿನ ಹಲ್ಲಿನ ಭಯ, ನಗು ಎಲ್ಲಿಂದ ಬರಬೇಕು! ಮೂರು ಗಂಟೆಯಾಯಿತು, ನಾಲ್ಕಾಯಿತು.

ನಾಲ್ಕೂವರೆಗೆ ಒಬ್ಬಳು ಹೆಂಗಸು ಆರು ತಿಂಗಳ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಮಗುವಿಗೆ ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ಇಷ್ಟು ಪುಟ್ಟ ಮಕ್ಕಳು ಸ್ಟೂಲಿನ ಮೇಲೆ ಕೂರುವುದಿಲ್ಲವಲ್ಲ, ಅದಕ್ಕೆ ನಮ್ಮಲ್ಲೊಂದು ಉಪಾಯ ಇದೆ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿ, ಅವಳ ತೊಡೆಯ ಮೇಲೆ ಮಗು ಕೂರಿಸುವುದು. ಬಟ್ಟೆಯೊಳಗಿಂದ ಅಮ್ಮ ಮಗುವನ್ನು ಹಿಡಿದಿರುತ್ತಾಳೆ, ಫೋಟೋದಲ್ಲಿ ಮಗು ಮತ್ತು ಬಿಳುಪು ಅಷ್ಟೇ. ಆದರೆ ಈ ಅಮ್ಮನ ಬಲಗೈಗೆ ಮೊಣಕೈತನಕ ಪ್ಲಾಸ್ಟರು. ಒಂದೇ ಕೈಯಲ್ಲಿ ಬಟ್ಟೆಯೊಳಗಿಂದ ಮಗು ಹಿಡಿಯುವುದು ಆಗದ ಮಾತು.

"ನಾನೇ ಕೂರ್ತೀನಿ ಬಿಡಮ್ಮ," ಅಂದರು ನಮ್ಮವರು. ಸ್ಟುಡಿಯೋದ ಕ್ಯಾಮೆರಾ ನನ್ನ ಪಾಲಿಗೆ ಬಿತ್ತು, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಬಿಳಿ ಬಟ್ಟೆ ಹೊದಿಸಿ ಮಗು ಕೂರಿಸಿದೆ. ಅಮ್ಮ ನನ್ನ ಪಕ್ಕ ನಿಂತು ಎಡಗೈಯಲ್ಲಿ ಬೀಗದ ಕೈ ಗೊಂಚಲು ಆಡಿಸುತ್ತಿದ್ದಳು. ಬಟ್ಟೆಯೊಳಗಿಂದ ಇವರ ಅಪ್ಪಣೆ ಶುರುವಾಯಿತು.

"ಬಾಯಿ ಮುಚ್ಚಿದ್ಯಾ?"

"ಇಲ್ಲ, ಮುಷ್ಟಿ ತಿಂತಿದೆ."

"ಕಿವಿ ಕಾಣ್ತಿದ್ಯಾ?"

"ಒಂದು ಕಾಣ್ತಿದೆ. ನೀವು ಸ್ವಲ್ಪ ಎಡಕ್ಕೆ ತಿರುಗಿ. ನಿಮ್ಮ ಎಡಕ್ಕಲ್ಲ ರೀ, ನನ್ನ ಎಡಕ್ಕೆ!"

ಮಗುವಿಗೆ ತನ್ನ ಕೆಳಗೆ ಮಾತಾಡುವ ಕುರ್ಚಿಯೇ ದೊಡ್ಡ ಸೋಜಿಗ. ಬಗ್ಗಿ ಬಗ್ಗಿ ನೋಡಿತು. ಹನ್ನೊಂದನೇ ಸಲ ಒತ್ತಿದಾಗ ಬಾಯಿ ಮುಚ್ಚಿ, ಎರಡೂ ಕಿವಿ ತೋರಿಸಿ, ಸಾಕ್ಷಾತ್ ಅಧಿಕಾರಿಯ ಹಾಗೆ ನನ್ನನ್ನು ನೋಡಿತು. "ಸಿಕ್ತು!" ಅಂತ ಕೂಗಿದೆ.

ಅದೇ ಹೊತ್ತಿಗೆ ಬಟ್ಟೆಯೊಳಗಿಂದ, "ಅಯ್ಯಯ್ಯೋ, ಬಿಸಿ! ಬಿಸಿ ಕಣೇ!"

ಮಗು ಮಾಡಬೇಕಾದ್ದನ್ನು ಮಾಡಿತ್ತು. ಮಾಡಿದ ಸಂಭ್ರಮಕ್ಕೆ ಹಿಂದಕ್ಕೆ ವಾಲಿ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಎಳೆಯಿತು. ಬಟ್ಟೆ ಜಾರಿ ನಮ್ಮವರ ತಲೆ ಹೊರಬಂತು, ಕೂದಲೆಲ್ಲ ಕೆದರಿತ್ತು. ಮಗು ತಿರುಗಿ ಆ ತಲೆ ನೋಡಿ ಕೇಕೆ ಹಾಕಿತು. ಅಷ್ಟೇ, ಇವರಿಗೆ ಕಟ್ಟೆಯೊಡೆಯಿತು. ಸುಯ್ ಅಂತು, ಕಣ್ಣು ಮುಚ್ಚಿಹೋಯಿತು, ಹಲ್ಲೆಲ್ಲ ಕಂಡವು, ಆ ಸಂದಿಯೂ.

ಸೊಂಟದ ಫೋನ್ ಸರಕ್ಕನೆ ಕೈಗೆ ಬಂತು, ಬೆರಳು ಒಣಗಿತ್ತು, ಬೆಳಕು ಹೇಳಿ ಮಾಡಿಸಿದ ಹಾಗಿತ್ತು. ಇನ್ನೇನು ಒತ್ತಬೇಕು, ನನ್ನ ಬಾಯಿಂದ ತಾನಾಗಿ ಮಾತು ಹೊರಬಿತ್ತು.

"ಅಲ್ಲಾಡಬೇಡಿ!"

ಕೌಂಟರಿನಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು ಅದು. ಹಾಳು ನಾಲಿಗೆ! ಇವರ ಗದ್ದ ಮೇಲೇರಿತು, ಬೆನ್ನು ನೆಟ್ಟಗಾಯಿತು, ಬಾಯಿ ಮುಚ್ಚಿತು. ಬೆರಳು ಒತ್ತಿತು. ಒದ್ದೆ ಪ್ಯಾಂಟಿನಲ್ಲಿ, ಹೆಗಲ ಮೇಲೆ ಬಿಳಿ ಬಟ್ಟೆ ಹೊದ್ದು, ವಿಮಾನ ಹತ್ತಲು ಸಿದ್ಧವಾದ ಹಾಗೆ ಕೂತ ಗಂಡನ ಫೋಟೋ ಬಂತು. ಎರಡೂ ಕಿವಿ ಸ್ಪಷ್ಟವಾಗಿದ್ದವು.

ನನಗೆ ಅಳು ತಡೆಯಲಾಗಲಿಲ್ಲ. ಬೇರೆಯವರ ಎದುರು ಅಂತಲೂ ನೋಡದೆ ಸ್ಟೂಲಿನ ಪಕ್ಕ ಕುಸಿದು ಕೂತೆ. "ನಾಳೆ ನಿಮ್ಮ ಹಲ್ಲು ಹೋಗತ್ತೆ. ಆಮೇಲೆ ನೀವೂ ಭಾವನ ಹಾಗೆ ಗೋಡೆ ಮೇಲೆ ಸಿಟ್ಟು ಮಾಡ್ಕೊಂಡು ಕೂರ್ತೀರಿ. ನಾನೇನು ಮಾಡ್ಲಿ?" ಅಂದೆ.

ಐದು ದಿನದಿಂದ ನಾನು ಯಾತಕ್ಕೆ ಹಿಂದೆ ಬಿದ್ದಿದ್ದೆ ಅಂತ ಇವರಿಗೆ ಗೊತ್ತಾಗಿದ್ದು ಆಗಲೇ. ಒಂದು ಕೈಯಲ್ಲಿ ಮಗುವನ್ನು ಎದೆಗೆ ಒತ್ತಿ ಹಿಡಿದೇ ಫೋನ್ ಈಸಿಕೊಂಡು ಆ ಫೋಟೋ ನೋಡಿದರು. ಮತ್ತೆ ಸುಯ್ ಅನ್ನುವ ಸದ್ದು. ತಮ್ಮ ಫೋಟೋ ನೋಡಿ ತಾವೇ ಮೈಯೆಲ್ಲ ಕುಲುಕಿಸಿಕೊಂಡು ನಗತೊಡಗಿದರು. ಆ ನಗುವಿಗೆ ಮಗು ನಕ್ಕಿತು, ಮಗುವಿನ ಅಮ್ಮ ನಕ್ಕಳು, ಅಳುತ್ತಿದ್ದವಳಿಗೆ ನನಗೂ ತಡೆಯಲಾಗಲಿಲ್ಲ.

"ಇನ್ನೊಂದು ತೆಗಿಯೇ," ಅಂದರು ನಗುವಿನ ನಡುವೆಯೇ. ಒಂದು ಮುಖಕ್ಕೆ ಒಂದೇ ಅಂದ ಮನುಷ್ಯ! ಆದರೆ ಕಣ್ಣೀರು ತುಂಬಿ ನನಗೆ ಫೋನೇ ಕಾಣುತ್ತಿರಲಿಲ್ಲ. "ನಂಗಾಗಲ್ಲ ರೀ," ಅಂದೆ.

"ಇಲ್ಲಿ ಕೊಡಿ," ಅಂತ ಆ ಹೆಂಗಸು ಎಡಗೈ ಚಾಚಿ ಫೋನ್ ತೆಗೆದುಕೊಂಡು, ಯಾರಿಗೂ ಏನೂ ಹೇಳದೆ ಒತ್ತಿದಳು.

ಫೋಟೋ ಓರೆಯಾಗಿದೆ. ಇವರ ಒಂದು ಕಿವಿ ಅಂಚಿನಲ್ಲಿ ತುಂಡಾಗಿದೆ. ಮಗುವಿನ ಕಾಲು ಇವರ ಗದ್ದಕ್ಕೆ ತಾಗಿದೆ, ನಾನು ನೆಲದ ಮೇಲೆ ಕೂತು, ಕೆನ್ನೆ ಒದ್ದೆ ಮಾಡಿಕೊಂಡು, ಬಾಯಿ ಬಿಟ್ಟು ನಗುತ್ತಿದ್ದೇನೆ. ನಡುವೆ ನಮ್ಮವರ ಹಲ್ಲು, ಒಂದೂ ಬಿಡದೆ.

ಅಮ್ಮ ಮಗು ಲಕೋಟೆ ತೆಗೆದುಕೊಂಡು ಹೋದ ಮೇಲೆ ಇವರು ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರ ತಂದರು. ತುಂಬಾ ಹೊತ್ತು ನೋಡಿದರು. ತುಂಡಾದ ಕಿವಿಯ ಬಗ್ಗೆ ಏನೋ ಹೇಳುತ್ತಾರೆ ಅಂತ ಕಾದೆ.

"ನಾನು ನಕ್ಕರೆ ಹೀಗೆ ಕಾಣ್ತೀನಾ?" ಅಂದರು.

"ಹೂಂ."

"ಇಷ್ಟು ವರ್ಷ ಇದನ್ನ ನೀನೊಬ್ಬಳೇ ನೋಡ್ತಾ ಬಂದ್ಯಾ?"

ತಲೆಯಾಡಿಸಿದೆ. ಇವರು ಒದ್ದೆ ಪ್ಯಾಂಟು ಕೂಡ ಬದಲಿಸದೆ ಹೋಗಿ, ಪ್ರಿಂಟರಿಗೆ ನಮ್ಮಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಾಗದ ಹಾಕಿದರು.