ಹ್ಯಾಂಡಲ್ ಬಿಗಿದವರು

ಹ್ಯಾಂಡಲ್ ಹಿಡಿದಿಡುವ ಕ್ಲ್ಯಾಂಪಿನ ನಾಲ್ಕೂ ಬೋಲ್ಟುಗಳನ್ನು ಯಾರೋ ತಿರುಗಿಸಿದ್ದರು. ನಾಸಿಕದ ಹೊರಗಿನ ರೇಸ್ ಮೈದಾನದಲ್ಲಿ ಟೆಂಪೋದಿಂದ ಬೈಕ್ ಇಳಿಸಿ, ಹಿಂದಿನ ರಾತ್ರಿಯೇ ಹೊದಿಸಿದ್ದ ತಾಡಪತ್ರಿ ಸರಿಸಿದ ಕೂಡಲೇ ಕಣ್ಣಿಗೆ ಬಿದ್ದದ್ದು ಅದೇ. ನನ್ನ ತಲೆ ಕೆಟ್ಟುಹೋಯಿತು.

ಬೋಲ್ಟು ಬಿಗಿದ ಮೇಲೆ ಅದರ ತಲೆಯಿಂದ ಕ್ಲ್ಯಾಂಪಿನ ಮೇಲಕ್ಕೆ ನೇಲ್ ಪಾಲಿಶ್‌ನಲ್ಲಿ ಒಂದು ಕೆಂಪು ಗೀಟು ಎಳೆಯುವುದು ನನ್ನ ಪದ್ಧತಿ. ಬೋಲ್ಟು ಅಲುಗಿದರೆ ಗೀಟು ಮುರಿಯುತ್ತದೆ. ತಂಗಿ ಮೃದುಲಾಳ ಬಾಟಲಿ ಅದಕ್ಕೇ ಖಾಲಿಯಾಗಿತ್ತು, ಅವಳ ಕೈಲಿ ಬೈಸಿಕೊಂಡದ್ದೂ ಆಗಿತ್ತು. ಈಗ ಒಂದು ಗೀಟೂ ನೆಟ್ಟಗಿರಲಿಲ್ಲ.

ಅದು ಟೂ-ಸ್ಟ್ರೋಕ್ ಎಂಜಿನ್ನಿನ ವಿದೇಶಿ ಡರ್ಟ್ ಬೈಕ್, ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಚಿಕ್ಕದು. ದೌಲತಾಬಾದ್ ಹತ್ತಿರ ಒಬ್ಬರ ಗೋದಾಮಿನಲ್ಲಿ ಮೇವಿನ ಕೆಳಗೆ ಬಿದ್ದಿದ್ದನ್ನು ತಂದು ಓಡುವಂತೆ ಮಾಡಿದ್ದೆ. ಹೋದ ವರ್ಷ, 1990ರಲ್ಲಿ, ಇದೇ ಮೈದಾನದಲ್ಲಿ ದಿಬ್ಬ ಹಾರಿ ಇಳಿಯುವಾಗ ಸಡಿಲಾಗಿದ್ದ ಹ್ಯಾಂಡಲ್ ಕೈಯಲ್ಲೇ ಹೊರಳಿತು. ಬಿದ್ದೆ, ಕಾಲರ್ ಬೋನ್ ಮುರಿಯಿತು. ಧಾರವಾಡದಿಂದ ಔರಂಗಾಬಾದಿಗೆ ವರ್ಗವಾಗಿ ಬಂದಿದ್ದ ಅಪ್ಪ ಅಲ್ಲಿನ ಬ್ಯಾಂಕಿನಲ್ಲಿ ಅಧಿಕಾರಿ. ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿ ಬಂದು ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಬೈಕಿನ ಮಾತೇ ಎತ್ತಲಿಲ್ಲ, ಅಂಗಳದಲ್ಲಿ ಅದು ನಿಂತ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

ಅದಕ್ಕೇ ಈ ಸಲ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಜೋಡಿಸಿದ್ದೆ. ಎಂಜಿನ್ನಿನ ತಲೆಯ ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿದೆ. ಹ್ಯಾಂಡಲ್ ಕ್ಲ್ಯಾಂಪಿಗೂ ಹಾಗೆಯೇ, ಮುಂದಿನದಕ್ಕೊಂದಿಷ್ಟು, ಹಿಂದಿನದಕ್ಕೊಂದಿಷ್ಟು, ಅದೂ ಹೆಚ್ಚು ಬಲ ಬೀಳದಿರಲೆಂದು ಗಿಡ್ಡ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ. ಕ್ಲ್ಯಾಂಪು ಹಗುರ ಲೋಹದ್ದು. ಸಡಿಲು ಬಿಟ್ಟರೆ ಹ್ಯಾಂಡಲ್ ಹೊರಳುತ್ತದೆ, ಅತಿಯಾಗಿ ಬಿಗಿದರೆ ಕ್ಲ್ಯಾಂಪೇ ಸೀಳುತ್ತದೆ.

ಹೊರಡುವಾಗ ಅಪ್ಪ ತಾವಾಗಿಯೇ ಬಂದು ಟೆಂಪೋದ ಮುಂದಿನ ಸೀಟಿನಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಅವರು ಆಡಿದ್ದು "ಚಾ ಕುಡೀತೀಯೇನು" ಅನ್ನುವ ಒಂದೇ ಮಾತು.

"ಅಮಸಿದ್ದ," ಎಂದು ಟೆಂಪೋ ಡ್ರೈವರನನ್ನು ಕರೆದೆ. "ದಾರ್ಯಾಗ ಬೈಕಿಗೆ ಕೈ ಹಚ್ಚಿದವರು ಯಾರು?"

"ಯಾರೂ ಇಲ್ರಿ."

"ಯಾರೂ ಇಲ್ದ ಬೋಲ್ಟು ತಾನಽ ತಿರಗ್ತಾವೇನು? ವೈಜಾಪುರದಾಗ ಚಾಕ್ಕ ನಿಲ್ಲಿಸಿದಾಗ ನೀನಽ ಹಿಂದ ಹತ್ತಿದ್ದಿ."

"ಹಗ್ಗ ಸಡ್ಲ ಆಗಿತ್ರಿ, ಅದನ್ನ ಕಟ್ಟಾಕ ಹತ್ತಿದ್ನಿ. ನಿಮ್ಮ ಗಾಡಿ ಮುಟ್ಟಿಲ್ರಿ, ಮಕ್ಕಳಾಣಿ."

ಯಾರ ಆಣೆಯೂ ನನ್ನ ಕಿವಿಗೆ ಬೀಳುವಂತಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಸುತ್ತಲಿನ ನಾಲ್ಕು ಜನ ತಿರುಗಿ ನೋಡಿದರು. ಆಗ ಅಪ್ಪ ಟೆಂಪೋದಿಂದ ಇಳಿದು ಬಂದರು.

"ಬಿಂದೂ, ಅವಗ ಯಾಕ ಬೈತೀಯೋ. ಅದನ್ನ ಬಿಗಿ ಮಾಡಿದಾಂವ ನಾನು."

"ನೀವಾ? ಯಾವಾಗ್ರಿ?" ಅಂದೆ.

"ಮುಂಜಾನೆ ನೀ ಸ್ನಾನಕ್ಕ ಹೋಗಿದ್ದಿ. ನೀರಿನ ಪಂಪಿನ ದೊಡ್ಡ ಪಾನಾ ಇತ್ತಲಾ, ಅದರಲೆ ಮಾಡಿದೆ. ನಮ್ಮ ಬ್ಯಾಂಕಿನಾಗ ತಿಜೋರಿ ಖೋಲಿಗೆ ಒಬ್ಬಾಂವ ಕೀಲಿ ಹಾಕಿದ್ರ ಇನ್ನೊಬ್ಬಾಂವ ಜಗ್ಗಿ ನೋಡತಾನ. ಒಬ್ಬನ ಕೈಮ್ಯಾಲ ಬಿಡೂದಿಲ್ಲ. ನೀ ಒಬ್ಬನಽ ಬಿಗದಿದ್ದಿ. ಹೋದ ವರ್ಷ ಅದಽ ಸಡ್ಲ ಆಗಿತ್ತು. ಪಾನಾ ಹಚ್ಚಿ ನೋಡಿದ್ರ ಇನ್ನೂ ತಿರಗ್ತಿತ್ತು. ಮೈಯಾಗಿನ ಶಕ್ತಿ ಎಲ್ಲಾ ಹಾಕಿ ಬಿಗದೆ."

ನಾನು ಪಾನಾ ತೆಗೆದು ಬೋಲ್ಟು ಬಿಚ್ಚತೊಡಗಿದೆ. ಮೂರು ಕಿರಗುಟ್ಟುತ್ತ ಬಂದವು. ನಾಲ್ಕನೆಯದು ಬಂದಾಗ ಎಡಗಡೆಯ ಕ್ಲ್ಯಾಂಪಿನ ಮುಚ್ಚಳ ಎರಡು ತುಂಡಾಗಿ ನನ್ನ ಅಂಗೈಗೆ ಬಿತ್ತು. ಹೀಗೇ ಓಡಿಸಿದ್ದರೆ ಮೊದಲ ದಿಬ್ಬ ಹಾರಿ ಇಳಿಯುತ್ತಲೇ ಹ್ಯಾಂಡಲ್ ಕಿತ್ತು ಬರುತ್ತಿತ್ತು. ಈ ಸಲ ಕಾಲರ್ ಬೋನಿಗೇ ಮುಗಿಯುತ್ತಿರಲಿಲ್ಲ.

"ಇದನ್ನ ಹತ್ತಿದ್ರ ನಾ ಸಾಯ್ತಿದ್ದೆ, ಅಪ್ಪಾ," ಅಂದುಬಿಟ್ಟೆ.

ಅಪ್ಪ ಆ ತುಂಡುಗಳನ್ನು ಇಸಿದುಕೊಂಡರು. ಒಂದಕ್ಕೊಂದು ಕೂಡಿಸಿ ನೋಡಿದರು. "ನನ್ನ ಕೈಲೇ ಆಗ್ತಿತ್ತಲ್ಲೋ," ಎಂದು ಟೆಂಪೋದ ಗಾಲಿಗೆ ಆತುಕೊಂಡು ಮಣ್ಣಲ್ಲೇ ಕೂತರು.

ಅವರು ಹಾಗೆ ಕೂತದ್ದು ನೋಡಿ ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ನಾನು ಹಾರಿರಲಿಲ್ಲ, ಬಿದ್ದಿರಲಿಲ್ಲ. ಮುರಿದದ್ದು ಒಂದು ಚೂರು ಲೋಹ, ಅಷ್ಟೇ. ಹೋದ ಜೀವ ಬಂದಂತಾಯಿತು, ನಾನೂ ಅಪ್ಪನ ಪಕ್ಕ ಕೂತೆ. "ತಪ್ಪಾತಪಾ, ಅಮಸಿದ್ದ," ಅಂದೆ.

"ಇರ್ಲಿ ಬಿಡ್ರಿ. ಮೊದಲ ಯಜಮಾನ್ರಿಗೆ ನೀರು ಕೊಡ್ರಿ," ಅಂದ ಅವನು.

ಪಕ್ಕದಲ್ಲೇ ಮತ್ತೊಬ್ಬ ಸವಾರನ ಗಾಡಿ ನೋಡುತ್ತಿದ್ದ ಲಾಲಸಾಬ ನನಗೆ ಪರಿಚಿತ, ಮಾಲೇಗಾಂವಿನಲ್ಲಿ ಗ್ಯಾರೇಜು ಇಟ್ಟವನು. ಅವನ ಪೆಟ್ಟಿಗೆಯಲ್ಲಿ ಹಳೆಯದೊಂದು ಕ್ಲ್ಯಾಂಪು ಸಿಕ್ಕಿತು. ಜೊತೆಗೆ ತನ್ನ ಟಾರ್ಕ್ ಪಾನಾವನ್ನೂ ಕೊಟ್ಟ. ಅಂಥದ್ದು ನನ್ನ ಹತ್ತಿರ ಇರಲಿಲ್ಲ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿಟ್ಟರೆ, ಅಷ್ಟಾದ ಕೂಡಲೇ ಅದು ಕಟ್ ಎಂದು ಸದ್ದು ಮಾಡುತ್ತದೆ.

ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ನಾನು ನಾಲ್ಕನ್ನೂ ಬಿಗಿದೆ. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು.

"ಅಪ್ಪಾ, ಬರ್ರಿ. ನೀವೊಮ್ಮೆ ನೋಡ್ರಿ."

"ಬ್ಯಾಡಪಾ. ಇನ್ನ ನನ್ನ ಕೈ ಅದಕ್ಕ ಬ್ಯಾಡ."

"ಕಟ್ ಅಂದಕೂಡ್ಲೆ ಬಿಟ್ಟಬಿಡ್ರಿ. ಏನೂ ಆಗೂದಿಲ್ಲ."

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಪಾನಾ ಹಿಡಿದು ಮೆಲ್ಲಗೆ ಒತ್ತಿದರು. ಕಟ್ ಅಂತು. ಬೋಲ್ಟು ಅಲುಗಲಿಲ್ಲ. ಉಳಿದ ಮೂರನ್ನೂ ಹಾಗೇ ನೋಡಿದರು. ಕೊನೆಯದು ಕಟ್ ಅಂದಾಗ ದೊಡ್ಡದೊಂದು ಉಸಿರು ಬಿಟ್ಟು ನನ್ನ ಮುಖ ನೋಡಿದರು.

"ಇಷ್ಟಽ ಸಾಕೇನೋ? ಇಷ್ಟ ಹಗೂರ?"

"ಇಷ್ಟಽ ಸಾಕ್ರಿ."

ಅವರಿಗೆ ನಗು ಬಂತು. ಆ ಮುಖದಲ್ಲಿ ನಗು ಕಂಡು ವರ್ಷವಾಗಿತ್ತು. ಅಷ್ಟರಲ್ಲಿ ಮೈಕಿನಲ್ಲಿ ನಮ್ಮ ಸಾಲಿನ ಸವಾರರಿಗೆ ರೇಸಿನ ಕರೆ ಬಂತು. ನಾನು ಹೆಲ್ಮೆಟ್ ಹಾಕಿಕೊಂಡೆ. ಅಪ್ಪ ಹತ್ತಿರ ಬಂದು ಗದ್ದದ ಕೆಳಗಿನ ಪಟ್ಟಿಯನ್ನು ತಾವೇ ಕಟ್ಟಿ, ಎರಡು ಬೆರಳು ಒಳಗೆ ತೂರಿಸಿ ನೋಡಿದರು.

"ಭಾಳ ಬಿಗಿ ಆತೇನು?"

"ಇಲ್ರಿ. ಬರೋಬರಿ ಅದ."

"ಹಂಗಾರ ಹೋಗಿ ಬಾ," ಅಂದರು.