ಮುನ್ನೂರ ಹನ್ನೆರಡನೆಯ ಸಾಲು

ನನಗೆ ಕೈಕಾಲಿಲ್ಲ, ಮೈಯೂ ಇಲ್ಲ. ಆದರೂ ಮೂವತ್ತು ವರ್ಷಗಳಲ್ಲಿ ಎಷ್ಟು ಲಕ್ಷ ಕಾಲುಗಳಿಗೆ ಅಳತೆ ಕೊಟ್ಟೆನೋ ನನಗೇ ತಿಳಿಯದು. ನಾನು ಒಂದು ತಂತ್ರಾಂಶ. ಹೆಸರು ‘ಕತ್ತರಿ’. ೧೯೯೪ರ ಬೇಸಿಗೆಯಲ್ಲಿ, ಬಳ್ಳಾರಿಯ ಕೌಲ್ ಬಜಾರಿನ ಒಂದು ಟೈಪಿಂಗ್ ಶಾಲೆಯ ಮಹಡಿಯ ಮೇಲೆ ನನ್ನ ಜನನವಾಯಿತು.

ನನ್ನನ್ನು ಬರೆದವರು ಇಂದುಮತಿ ಮೇಡಂ. ಬೆಳಗಿನ ಹೊತ್ತು ಅವರು ಆ ಶಾಲೆಯ ಏಕೈಕ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಿದ್ದರು. ಮಧ್ಯಾಹ್ನ, ಫ್ಯಾನಿನ ಗಾಳಿಯೂ ಕೆಂಡದಂತೆ ಬೀಸುವ ಹೊತ್ತಿನಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ನನ್ನನ್ನು ಸಾಲುಸಾಲಾಗಿ ಕಟ್ಟುತ್ತಿದ್ದರು. ಕೆಳಗಿನ ಗಲ್ಲಿಯ ತುಂಬ ಜೀನ್ಸ್ ಹೊಲಿಯುವ ಮನೆಗಳು. ಅಲ್ಲೊಂದರಲ್ಲಿ ಮಸ್ತಾನ್ ವಲಿ ಎಂಬ ಕಟಿಂಗ್ ಮಾಸ್ತರರಿದ್ದರು. ಅವರ ಗೋಡೆಯ ಮೊಳೆಗಳಿಗೆ ರಟ್ಟಿನ ನಮೂನೆಗಳು ತೂಗುತ್ತಿದ್ದವು. ಹೊಸ ಅಳತೆಯ ನಮೂನೆಯೊಂದನ್ನು ಬರೆದು ಕತ್ತರಿಸಲು ಅವರಿಗೆ ಇಡೀ ದಿನ ಬೇಕು. ಅದನ್ನು ಐದು ನಿಮಿಷದಲ್ಲಿ ಮಾಡಿ ತೋರಿಸುವುದೇ ನನ್ನ ಹುಟ್ಟಿನ ಉದ್ದೇಶ.

ಮೊದಲ ಪರೀಕ್ಷೆಯಲ್ಲೇ ನಾನು ಮುಗ್ಗರಿಸಿದೆ. ನನ್ನ ಅಳತೆಯ ಪ್ಯಾಂಟು ಹೊಲಿಗೆ ಮುಗಿಸಿ, ಒಗೆತಕ್ಕೆ ಹೋಗಿ ಬಂದಾಗ ನಲವತ್ತು ಇಂಚು ಇರಬೇಕಾದ ಉದ್ದ ಮೂವತ್ತೊಂಬತ್ತೂಕಾಲಕ್ಕೆ ಇಳಿದಿತ್ತು.

ಮಾಸ್ತರರು ಟೇಪನ್ನು ಕೊರಳಿಗೆ ಹಾಕಿಕೊಂಡು ನಕ್ಕರು. “ಟೀಚರಮ್ಮಾ, ನಿಮ್ಮ ಮಶೀನು ಲೆಕ್ಕದಾಗ ಭಾರೀ ಶಾಣ್ಯಾ ಐತಿ. ಬಟ್ಟೆ ಮುಟ್ಟಿ ನೋಡಿಲ್ಲ, ಅಷ್ಟೇ.”

“ಒಗೆದಾಗ ಕುಗ್ಗೋದನ್ನೂ ಸೇರಿಸಿದ್ದೀನಲ್ಲ ಮಾಸ್ತರೇ! ಮಿಲ್ಲಿನ ಚೀಟಿಯಲ್ಲಿ ಎಷ್ಟಿತ್ತೋ ಅಷ್ಟೂ ಹಾಕಿದ್ದೀನಿ.”

“ಮಿಲ್ಲಿನವ್ರು ಬಟ್ಟೆ ಬಿಚ್ಚಿ, ಒಂದು ರಾತ್ರಿ ಮಲಗಿಸಿ, ಆಮ್ಯಾಲೆ ಅಳೀತಾರ. ಸುರುಳಿಯೊಳಗ ಅದು ಜಗ್ಗಿಕೊಂಡು ಕೂತಿರ್ತೈತಿ. ಬಿಚ್ಚಿ ಮಲಗಿಸಿದ್ರ ಬಿಗುವು ಇಳೀತೈತಿ. ಈ ಗಲ್ಲಿಯೊಳಗ ಮನುಷ್ಯಾ ಮಲಗಾಕ ಜಾಗ ಇಲ್ಲ, ಬಟ್ಟೆ ಎಲ್ಲಿ ಮಲಗಿಸೋಣ? ಎಳೀತೀವಿ, ಕತ್ತರಿಸ್ತೀವಿ. ಅದಕ್ಕ ಉದ್ದಕ್ಕ ಮುಕ್ಕಾಲು ಇಂಚು ಜಾಸ್ತಿ ಇಡ್ರಿ.”

ಮೇಡಂ ಮುನ್ನೂರ ಹನ್ನೆರಡನೆಯ ಸಾಲಿನಲ್ಲಿ ಆ ಮುಕ್ಕಾಲು ಇಂಚನ್ನು ಸೇರಿಸಿ, ಪಕ್ಕದಲ್ಲಿ ಕಾರಣವನ್ನೂ ಬರೆದರು. ಆದರೆ ನನ್ನನ್ನು ಫ್ಲಾಪಿಗೆ ಇಳಿಸುವಾಗ ಜಾಗ ಸಾಲಲಿಲ್ಲ. ಸಾಲುಗಳ ಪಕ್ಕದ ವಿವರಣೆಗಳನ್ನೆಲ್ಲ ಒಂದೊಂದಾಗಿ ಅಳಿಸಿಹಾಕಿದರು. “ಕಾರಣ ನನ್ನ ತಲೆಯಲ್ಲೇ ಇರುತ್ತಲ್ಲ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆ ಮಾತನ್ನು ನಾನು ಕೇಳಿಸಿಕೊಂಡಿದ್ದೇನೆ. ಮುಂದೊಂದು ದಿನ ಅದು ಎಂಥ ಇಕ್ಕಟ್ಟು ತಂದೀತೆಂಬುದು ಅಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಮೇಲಿನದು ನನ್ನ ವೈಭವದ ಕಾಲ. ಅಂಗೈಯಗಲದ ಕಪ್ಪು ಫ್ಲಾಪಿಯಲ್ಲಿ ಕುಳಿತು, ಮೇಡಂ ಅವರ ಲೂನಾದ ಮುಂದಿನ ಬುಟ್ಟಿಯಲ್ಲಿ ಊರೆಲ್ಲ ಸುತ್ತಿದೆ. ಅರವತ್ತು ಹೊಲಿಗೆ ಘಟಕಗಳಲ್ಲಿ ನನ್ನ ಹಸಿರು ಅಕ್ಷರಗಳು ಬೆಳಗಿದವು. ಕೀಲಿಗಳ ಮೇಲೆ ನೀಲಿ ಬಣ್ಣ ಹತ್ತಿದ ಬೆರಳುಗಳು ಬಿದ್ದರೆ ನನಗೆ ಎಲ್ಲಿಲ್ಲದ ಹಿಗ್ಗು. ಆಯುಧಪೂಜೆಯ ದಿನ ನನಗೂ ಚೆಂಡುಹೂವಿನ ಮಾಲೆ. ಒಂದು ವರ್ಷ ಕುಂಕುಮ ಸಂದಿಗಿಳಿದು ನಾಲ್ಕರ ಕೀಲಿ ಕಚ್ಚಿಕೊಂಡಿತು. ಅದು ಬಿಡುವವರೆಗೆ ಆ ಘಟಕದಲ್ಲಿ ಮೂವತ್ತನಾಲ್ಕರ ಸೊಂಟದವರಿಗೆ ಪ್ಯಾಂಟೇ ಹುಟ್ಟಲಿಲ್ಲ!

ಕಾಲ ಸರಿಯಿತು. ಫ್ಲಾಪಿ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್ ಡ್ರೈವ್ ಬಂತು. ನನ್ನ ಪಾತ್ರೆ ಬದಲಾಯಿತೇ ಹೊರತು ನಾನು ಬದಲಾಗಲಿಲ್ಲ. ಅಪ್ಪಂದಿರು ಕುಳಿತಿದ್ದ ಗಾದಿಯ ಮೇಲೆ ಮಕ್ಕಳು ಬಂದು ಕುಳಿತರು. “ಇದು ಫೋನಿನಾಗ ಬರಂಗಿಲ್ಲೇನ್ರೀ? ಚಿತ್ರ ಕಾಣಂಗಿಲ್ಲೇನ್ರೀ?” ಎಂದರು. ಹೊರಗಿನ ಕಂಪನಿಯೊಂದು ಬಣ್ಣಬಣ್ಣದ ತಂತ್ರಾಂಶ ಹಿಡಿದು ಊರಿಗೆ ಕಾಲಿಟ್ಟಿತು. ಅರವತ್ತು ಘಟಕ ನಲವತ್ತಾಯಿತು, ನಲವತ್ತು ಹದಿನೇಳಕ್ಕೆ ಇಳಿಯಿತು.

ಆ ಹದಿನೇಳರಲ್ಲಿ ದೊಡ್ಡದು ಎರ್ರಿಸ್ವಾಮಿಯವರದು. ಊರಾಚೆ ಹೊಸ ಶೆಡ್ಡು ಕಟ್ಟಿಸಿದ್ದ ಅವರು ಒಂದು ದಿನ ಮೇಡಂ ಅವರ ಕಚೇರಿಗೇ ಬಂದರು.

“ಮೇಡಮ್, ನಮ್ಮಪ್ಪನ ಕಾಲದಿಂದ ನಿಮ್ಮ ಋಣ ಐತಿ. ಆದ್ರ ಋಣ ಇಟ್ಕೊಂಡು ಪ್ಯಾಂಟು ಹೊಲ್ಯಾಕ ಆಗಲ್ಲ. ಮೂರು ತಿಂಗಳು ಕೊಡ್ತೀನಿ, ಹೊಸದು ಮಾಡ್ಕೊಂಡು ಬರ್ರಿ. ನಮ್ಮ ಶೆಡ್ಡಿನಾಗ ಎರಡು ಪ್ಯಾಂಟು ಕತ್ತರಿಸಿ, ಒಗೆಸಿ ನೋಡೋಣು. ಅಳತೆ ಕೂತ್ರ ನೀವು, ಇಲ್ಲಾಂದ್ರ ಆ ಕಂಪನಿ.”

ಉಳಿದ ಹದಿನಾರು ಜನ ಎರ್ರಿಸ್ವಾಮಿಯವರ ಹೆಜ್ಜೆ ನೋಡಿಯೇ ನಡೆಯುವವರು. ಅವರು ಹೋದರೆ ಅಂಗಡಿ ಮುಚ್ಚಿದಂತೆಯೇ. ಐವತ್ತೈದು ದಾಟಿದ್ದ ಮೇಡಂ ಅಂದೇ ಪಂಪಾಪತಿ ಎಂಬ ಎಂಜಿನಿಯರನ್ನು ಕೆಲಸಕ್ಕೆ ಕರೆದರು.

ಪಂಪಾಪತಿ ಚುರುಕಿನ ಮನುಷ್ಯ. ಹೊಸ ಕತ್ತರಿಯನ್ನು ಮೊದಲಿನಿಂದ ಬರೆಯುತ್ತ, ನನ್ನನ್ನು ಲ್ಯಾಪ್‌ಟಾಪಿನ ಮೂಲೆಯಲ್ಲಿ ತೆರೆದಿಟ್ಟು, ಹಳೇ ಮನೆಯ ಗಾರೆ ಕೆರೆದು ನೋಡುವವನಂತೆ ಒಂದೊಂದೇ ಸಾಲನ್ನು ಓದಿದ. ನನ್ನ ಎಷ್ಟೋ ಬಳಸುದಾರಿಗಳನ್ನು ಅವನು ನೇರ ಮಾಡಿದ. ಅವನ ಕೈಚಳಕ ನನಗೆ ಮೆಚ್ಚಿಗೆಯೇ ಆಯಿತು. ಆದರೆ ಮುನ್ನೂರ ಹನ್ನೆರಡಕ್ಕೆ ಬಂದು ನಿಂತ.

“ಮೇಡಮ್, ಇಲ್ಲೇನೋ ಮುಕ್ಕಾಲು ಇಂಚು ಸುಮ್ಮನೆ ಸೇರ್ಕೊಂಡೈತಿ. ಕುಗ್ಗೋ ಲೆಕ್ಕ ಮ್ಯಾಲೇ ಆಗಿಹೋಗೈತಲ್ಲ. ಯಾಕಿದು?”

ಮೇಡಂ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರ ಮುಖವನ್ನೇ ದಿಟ್ಟಿಸುತ್ತಿದ್ದ ನನಗೆ ಉಸಿರಿದ್ದಿದ್ದರೆ ಆಗ ನಿಂತುಹೋಗುತ್ತಿತ್ತು. ಕಾರಣ ಗೊತ್ತಿದ್ದೂ ಹೇಳಲು ಬಾಯಿಲ್ಲ. ಕೇಳಿದ ಅಂಕಿಯನ್ನು ಕೊಡುವುದೊಂದೇ ನನಗೆ ಬರುವ ಮಾತು.

“ನೆನಪಾಗ್ತಿಲ್ಲಪ್ಪ” ಎಂದರು ಮೇಡಂ. “ಆಗಿನ ಬಟ್ಟೆಗೆ ಬೇಕಿತ್ತೇನೋ. ಮಿಲ್ಲಿನ ಚೀಟಿಗೆ ಸರಿ ಹೋದರೆ ಸಾಕು. ತೆಗೆದುಬಿಡು.”

ಆ ಸಾಲು ಹೊಸ ಕತ್ತರಿಯಲ್ಲಿ ಬಾರದೆ ಹೋಯಿತು.

ಪರೀಕ್ಷೆಯ ಬೆಳಿಗ್ಗೆ ಹೊಸದರ ಜೊತೆಗೆ, ಅದೇ ಲ್ಯಾಪ್‌ಟಾಪಿನಲ್ಲಿ ನಾನೂ ಶೆಡ್ಡಿಗೆ ಹೋದೆ. ಅಳತೆ ನೋಡಲು ಎರ್ರಿಸ್ವಾಮಿಯವರು ಮಸ್ತಾನ್ ವಲಿಯವರನ್ನೇ ಕರೆಸಿದ್ದರು. ಎಂಬತ್ತರ ಹತ್ತಿರದ ಮಾಸ್ತರರು ಸ್ಟೂಲಿನ ಮೇಲೆ ಕುಳಿತು ಸಾಸರಿನಲ್ಲಿ ಚಹಾ ಕುಡಿಯುತ್ತಿದ್ದರು. ಕೊರಳಲ್ಲಿ ಅದೇ ಟೇಪು. ಹೊಸ ಕತ್ತರಿ ಕೊಟ್ಟ ಅಳತೆಗೆ ಎರಡು ಸುರುಳಿಗಳಿಂದ ಒಂದೊಂದು ಪ್ಯಾಂಟು ಕತ್ತರಿಸಿ, ಹೊಲಿದು, ಶೆಡ್ಡಿನ ಒಗೆಯುವ ಯಂತ್ರಕ್ಕೆ ಹಾಕಿದರು.

ಮಧ್ಯಾಹ್ನ ಒಂದು ಗಂಟೆಗೆ ಎರಡೂ ಹೊರಬಂದವು. ಮಾಸ್ತರರು ಟೇಪು ಹಿಡಿದರು. ಮೊದಲನೆಯದು ಸರಿಯಾಗಿ ನಲವತ್ತು. ಪಂಪಾಪತಿ ಹಲ್ಲು ಬಿಟ್ಟ. ಎರಡನೆಯದು ಮೂವತ್ತೊಂಬತ್ತೂಕಾಲು.

“ಒಂದೇ ಮಶೀನು, ಎರಡು ಉದ್ದ?” ಎರ್ರಿಸ್ವಾಮಿಯವರ ಹುಬ್ಬು ಗಂಟಾಯಿತು. “ನಮ್ಮ ಗಿರಾಕಿಗೆ ಒಂದು ಕಾಲು ಗಿಡ್ಡ ಐತೇನ್ರೀ? ಐದರ ತನಕ ಇರ್ತೀನಿ. ಆಮ್ಯಾಲೆ ಕಂಪನಿಯವ್ರಿಗೆ ಫೋನು.”

ಪಂಪಾಪತಿ ಗಾಬರಿಯಿಂದ ನನ್ನನ್ನು ತೆರೆದ. ನನ್ನ ಅಂಕಿಗಳು ಹೊಸದಕ್ಕಿಂತ ಮುಕ್ಕಾಲು ಇಂಚು ಹೆಚ್ಚಿದ್ದವು.

“ಈ ಹಳೇ ಕತ್ತರಿ ಹೇಳಿದಂಗ ಮಾಡಿದ್ರ ಎರಡನೇದು ಸರಿ ಆಗ್ತೈತಿ, ಮೊದಲನೇದು ಉದ್ದ ಆಗ್ತೈತಿ! ಮೇಡಮ್, ಹಳೇದು, ಹೊಸದು ಎರಡೂ ಅರ್ಧ ಅರ್ಧ ತಪ್ಪು.”

ಅಲ್ಲಿಯವರೆಗೆ ನನ್ನೊಳಗೆ ಸಣ್ಣದೊಂದು ಜಂಬವಿತ್ತು: ನನ್ನದೇ ಸರಿ, ಈಗ ತಿಳಿಯಲಿ ಎಂದು. ಪಂಪಾಪತಿಯ ಮಾತು ಕೇಳಿ ಅದು ಕರಗಿಹೋಯಿತು. ನಾನೂ ತಪ್ಪು ಹೇಗಾದೆ?

ಮೇಡಂ ಎರಡು ಪ್ಯಾಂಟುಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕುಳಿತುಬಿಟ್ಟರು. ಗಡಿಯಾರ ಎರಡು ದಾಟಿತು. ಮಾಸ್ತರರು ಸಾಸರು ಕೆಳಗಿಟ್ಟು, ಗಿಡ್ಡ ಪ್ಯಾಂಟಿನ ಅಂಚನ್ನು ಬೆರಳಿನಲ್ಲಿ ತಿಕ್ಕಿದರು.

“ಎರ್ರಿಸ್ವಾಮೀ, ಬಟ್ಟೆ ಮಲಗಿತ್ತೇನೋ?”

“ಈಗ ಜಾಗ ಐತಲ್ಲ ಮಾಸ್ತರೇ. ಒಂದು ಸುರುಳಿ ನಿನ್ನೆ ಸಂಜೀಕೇ ಮೇಜಿನ ಮ್ಯಾಲೆ ಹಾಸಿದ್ವಿ. ಇನ್ನೊಂದು ಇವತ್ತು ಮುಂಜಾನೆ ಲಾರಿಯಿಂದ ಇಳೀತು.”

ಮೇಡಂ ತಟ್ಟನೆ ಎದ್ದು ನಿಂತರು. ಪ್ಯಾಂಟುಗಳು ನೆಲಕ್ಕೆ ಬಿದ್ದವು. “ಮಲಗಿಸೋದು! ಮಾಸ್ತರೇ, ನೀವು ಹೇಳಿದ್ರಿ... ಗಲ್ಲಿಯಲ್ಲಿ ಜಾಗ ಇಲ್ಲ ಅಂದಿದ್ರಿ. ನಾನೇ ಬರೆದು ನಾನೇ ಅಳಿಸಿದೆ!”

“ಮೂವತ್ತು ವರ್ಷಕ್ಕ ಒಂದು ಪಾಠ ಒಪ್ಪಿಸಿದ್ರಿ ಟೀಚರಮ್ಮಾ” ಎಂದು ಮಾಸ್ತರರು ನಕ್ಕರು. “ಅಂಕಿ ಇಟ್ಕೊಂಡ್ರಿ, ಮಾತು ಬಿಟ್ರಿ.”

ನಾನು ಗಲ್ಲಿಯಲ್ಲಿ ಹುಟ್ಟಿದವನು. ಬಟ್ಟೆಗೆ ಮಲಗಲು ಜಾಗ ಸಿಕ್ಕೀತೆಂದು ನನಗೆ ಯಾರೂ ಹೇಳಿರಲಿಲ್ಲ; ಹೊಸದಕ್ಕೆ ಬಟ್ಟೆ ಮಲಗದೆಯೂ ಕತ್ತರಿಗೆ ಬಂದೀತೆಂದು ಗೊತ್ತಿರಲಿಲ್ಲ. ಪಂಪಾಪತಿ ಅಲ್ಲೇ ನೆಲದ ಮೇಲೆ ಕುಳಿತು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಬೆರಳಾಡಿಸತೊಡಗಿದ. ಎರಡೂ ಸುರುಳಿಗಳಿಂದ ಮತ್ತೆ ಬಟ್ಟೆ ಕತ್ತರಿಸಿದರು, ಹೊಲಿದರು. ಒಗೆಯುವ ಯಂತ್ರ ಮತ್ತೆ ತಿರುಗಿತು. ಐದಕ್ಕೆ ಹತ್ತು ನಿಮಿಷವಿರುವಾಗ ಒದ್ದೆ ಆರಿದ ಎರಡು ಪ್ಯಾಂಟುಗಳ ಮೇಲೆ ಟೇಪು ಹರಿಯಿತು.

“ನಲವತ್ತು” ಎಂದರು ಮಾಸ್ತರರು. ಟೇಪು ಎರಡನೆಯದಕ್ಕೆ ಸರಿಯಿತು. ಬೇಕೆಂದೇ ತಡೆದರು, ತುಂಟರು! “ಇದೂ ನಲವತ್ತು.”

ಎರ್ರಿಸ್ವಾಮಿಯವರು ಕೈಲಿದ್ದ ಫೋನನ್ನು ಜೇಬಿಗಿಳಿಸಿದರು. “ಚಹಾ ತರಿಸ್ರೋ” ಎಂದು ಕೂಗಿದರು.

ಈಗ ಹೊಸ ಕತ್ತರಿ ಪ್ರತಿ ಸುರುಳಿಗೂ ಮೊದಲು ಒಂದು ಪ್ರಶ್ನೆ ಕೇಳುತ್ತದೆ: ‘ಬಟ್ಟೆ ಮಲಗಿತ್ತೆ?’ ಇಲ್ಲವೆಂದರೆ ಮಾತ್ರ ಮುಕ್ಕಾಲು ಇಂಚು ಸೇರಿಸುತ್ತದೆ. ಆ ಸಾಲಿನ ಪಕ್ಕದಲ್ಲಿ ಪಂಪಾಪತಿ ಮಾಸ್ತರರ ಮಾತನ್ನು ಅವರ ಹೆಸರಿನೊಂದಿಗೆ ಪೂರ್ತಿ ಬರೆದಿಟ್ಟಿದ್ದಾನೆ. ಈಗ ಜಾಗಕ್ಕೆ ಬರವಿಲ್ಲ. ಹದಿನೇಳು ಘಟಕಗಳೂ ಉಳಿದವು. ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದರೆಂದೂ ಕೇಳಿದೆ.

ನನ್ನನ್ನು ಒಂದು ಪೆನ್ ಡ್ರೈವಿಗೆ ಇಳಿಸಿ, ಮೇಡಂ ತಮ್ಮ ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದಾರೆ. ಹಿತ್ತಾಳೆ ಗುಂಡಿಗಳ ನಡುವೆ ನನ್ನ ವಾಸ. ಒಮ್ಮೊಮ್ಮೆ ಗುಂಡಿ ಹುಡುಕುವ ಅವರ ಬೆರಳು ನನಗೆ ತಾಗುತ್ತದೆ, ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ನೀಲಿ ಬೆರಳುಗಳು, ಲೂನಾದ ಬುಟ್ಟಿ, ಚೆಂಡುಹೂವಿನ ಘಮ ಎಲ್ಲವೂ ಆಗ ನನ್ನ ಮುಂದೆ ಹಾದುಹೋಗುತ್ತವೆ. ಯಾರೂ ಈಗ ನನ್ನನ್ನು ಅಂಕಿ ಕೇಳುವುದಿಲ್ಲ. ಮೂವತ್ತು ವರ್ಷ ಸುರುಳಿಯೊಳಗೆ ಜಗ್ಗಿಕೊಂಡೇ ಕುಳಿತಿದ್ದವನು ನಾನು. ಕೊನೆಗೂ ನನ್ನನ್ನು ಬಿಚ್ಚಿ ಮಲಗಿಸಿದ್ದಾರೆ. ಮುಕ್ಕಾಲು ಇಂಚು ಕುಗ್ಗಿದ್ದೇನೆ. ಇದೇ ನನ್ನ ಸರಿಯಾದ ಅಳತೆ ಇರಬೇಕು.