ಹುಡುಗಿಯರ ಗೆರೆ

ಜಿಲ್ಲಾ ಶಿಕ್ಷಣ ಕಚೇರಿಯ ಮೆಟ್ಟಿಲು ಹತ್ತುವಾಗಲೇ ಸೆಪ್ಟಿಮಸ್ ಹೆಡ್ಲಿಗೆ ಮೈಯೆಲ್ಲ ಉರಿಯುತ್ತಿತ್ತು. ಇಂಗ್ಲೆಂಡಿನ ಡರಮ್ ಸೀಮೆಯ ಕಲ್ಲಿದ್ದಲ ಗಣಿಯೂರೊಂದರ ಶಾಲೆಗೆ ಅವನು ಹೆಡ್‌ಮಾಸ್ಟರ್. ಗಣಿಯವರ ಬಾಳನ್ನು ಕುರಿತ ಅವನ ಕಾದಂಬರಿಗಳನ್ನು ಲಂಡನ್ನಿನವರೂ ಓದುತ್ತಿದ್ದರು. ಊರಿನ ಒಳಹೊರಗೆಲ್ಲ ಬಲ್ಲೆ ಎಂದು ಬೀಗುತ್ತಿದ್ದವನು ತನ್ನ ಶಾಲೆಯ ಹುಡುಗಿ ಮೇವಿಸ್ ರೇನ್ ವಿಷಯದಲ್ಲಿ ಮುಗ್ಗರಿಸಿದ್ದ.

ಹನ್ನೊಂದನೇ ವಯಸ್ಸಿನ ಪರೀಕ್ಷೆ ಗೆದ್ದವರಿಗೆ ಮಾತ್ರ ಕಾಲೇಜಿನ ದಾರಿ ತೆರೆಯುವ ಗ್ರಾಮರ್ ಶಾಲೆ. ಸೋತರೆ ಗಂಡಿಗೆ ಗಣಿ, ಹೆಣ್ಣಿಗೆ ಅಂಗಡಿ ಕೆಲಸ, ಆಮೇಲೆ ಮದುವೆ. ಅಂಕ ಬಂದಾಗ ಮೇವಿಸ್ ಊರಿಗೇ ಮೊದಲು. ಹೆಡ್ಲಿ ಹಿಗ್ಗು ತಡೆಯಲಾರದೆ, ಬಟ್ಟೆ ಒಣಹಾಕುತ್ತಿದ್ದ ಅವಳ ತಾಯಿ ಎಟ್ಟಿಗೆ ಬೀದಿಯಲ್ಲೇ ಹೇಳಿಬಿಟ್ಟ. ಎಟ್ಟಿ ಅವನ ಹಳೇ ಶಿಷ್ಯೆ. ಮೇಷ್ಟ್ರ ಮಾತು ನಂಬಿ ಅಂದೇ ನೀಲಿ ಬಟ್ಟೆ ತಂದು ಸಮವಸ್ತ್ರ ಹೊಲಿಯಲು ಕೂತಳು. ಸೀಟು ಸಿಕ್ಕವರ ಪಟ್ಟಿ ಬಂದಾಗ ಅದರಲ್ಲಿ ಮೇವಿಸ್ ಇರಲಿಲ್ಲ. ಅವಳಿಗಿಂತ ಕಡಿಮೆ ಅಂಕದ ಹುಡುಗ ಕೆನೆತ್ ಡಾಡ್ಸ್ ಇದ್ದ.

ಅಧಿಕಾರಿ ಕ್ರೋಜಿಯರ್ ಚಹಾ ತರಿಸಿದ.

"ಹುಡುಗೀರ ಶಾಲೇಲಿ ಸೀಟು ಕಮ್ಮಿ, ಹೆಡ್ಲಿಯವರೇ. ಅದಕ್ಕೇ ಅವರ ಪಾಸ್ ಅಂಕದ ಗೆರೆ ಸ್ವಲ್ಪ ಮೇಲೆ ಎಳೀತೀವಿ. ಪ್ರತಿ ವರ್ಷ ಹೀಗೇ ಅಲ್ವಾ?"

"ಹೀಗೇ ಅಂತ ಯಾರಿಗ್ರೀ ಹೇಳಿದೀರಿ? ಹೆತ್ತವರಿಗೆ ಮಗಳು ಫೇಲು ಅಂತ ತಾನೇ ಬರೆಯೋದು? ಕದ್ದೋರು ನೀವು, ದಡ್ಡಿ ಅನ್ನಿಸ್ಕೊಳ್ಳೋದು ಆ ಮಗು!"

"ಕೂಗಾಡ್ಬೇಡಿ. ಪೇಪರಿಗೆ ಗೀಪರಿಗೆ ಬರೆದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ." ಕ್ರೋಜಿಯರ್ ನಕ್ಕ. "ಬೇಕಾದ್ರೆ ಒಂದು ಕಾದಂಬರಿ ಬರೀರಿ. ನಿಮ್ಮ ಪುಸ್ತಕ ಓದಿ ನನ್ನ ಹೆಂಡ್ತಿ ಎಷ್ಟು ಅತ್ಲು ಗೊತ್ತಾ?"

ಹೆಡ್ಲಿ ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಬಂದ. ಇಷ್ಟು ವರ್ಷ ತಾನೇ ತಲೆ ಸವರಿ ಮನೆಗೆ ಕಳಿಸಿದ ಹುಡುಗಿಯರಲ್ಲಿ ಎಷ್ಟು ಜನ ನಿಜವಾಗಿ ಸೋತಿದ್ದರು? ಗೆರೆ ಎಲ್ಲಿದೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಆದರೆ ಬರಹಗಾರನ ಬುದ್ಧಿ ಎಲ್ಲಿಗೆ ಹೋದೀತು! ಬಸ್ಸು ಊರು ಮುಟ್ಟುವಷ್ಟರಲ್ಲಿ ಸಿಟ್ಟೆಲ್ಲ ಕಥೆಯಾಗಿ ಕೂತಿತ್ತು. ಅವನು ನೇರ ಎಟ್ಟಿಯ ಅಡುಗೆಮನೆಗೆ ಹೋದ.

"ಸೀಟು ಕೊಡಲ್ವಂತೆ, ಎಟ್ಟಿ. ಆದ್ರೆ ಸುಮ್ನೆ ಬಿಡಲ್ಲ, ಇದನ್ನ ಕಾದಂಬರಿ ಮಾಡ್ತೀನಿ."

ಎಟ್ಟಿ ನೀಲಿ ಬಟ್ಟೆಯನ್ನು ಮಡಿಚುತ್ತಿದ್ದಳು. "ಕೊನೇಲಿ ಏನಾಗುತ್ತೆ?"

"ಹುಡುಗಿ ಗೆಲ್ತಾಳೆ. ಡಾಕ್ಟರಾಗಿ ಇದೇ ಊರಿಗೆ ಬರ್ತಾಳೆ."

"ಥೂ!" ಎಟ್ಟಿ ಬಟ್ಟೆಯನ್ನು ಮೇಜಿನ ಮೇಲೆ ಎಸೆದಳು. "ಸಾಹೇಬ್ರ ಹೆಂಡ್ತೀರು ಓದಿ, ಪಾಪ, ಕೊನೇಗಾದ್ರೂ ಒಳ್ಳೇದಾಯ್ತಲ್ಲ ಅಂತ ಮೂಗು ಒರೆಸ್ಕೊಂಡು ಮಲಗ್ಲಿ ಅಂತಾನಾ? ನಾನೂ ಈ ಪರೀಕ್ಷೆ ಬರ್ದಿದ್ದೆ ಮೇಷ್ಟ್ರೇ, ಆಗ ಸ್ಕಾಲರ್‌ಶಿಪ್ ಪರೀಕ್ಷೆ ಅಂತಿದ್ರು. ನನ್ನ ತಲೇನೂ ಸವರಿ ಕಳಿಸಿದ್ರಿ. ದಡ್ಡಿ ಅಂದ್ಕೊಂಡೇ ಇಷ್ಟು ಕಾಲ ಕಳೆದೆ. ಬರೀಲೇಬೇಕು ಅಂದ್ರೆ ಪೇಪರಿಗೆ ಬರೀರಿ. ನಿಮ್ಮ ಹೆಸರು ಹಾಕಿ, ಮೇವಿಸ್ ಹೆಸರು ಹಾಕಿ, ಆ ಕ್ರೋಜಿಯರ್ ಹೆಸರೂ ಹಾಕಿ."

"ನನ್ನ ಕೆಲಸ ಹೋಗುತ್ತೆ, ಎಟ್ಟಿ."

"ಹೋಗ್ಲಿ. ಅವಳದು ಶುರುವಾಗೋಕೆ ಮುಂಚೇನೇ ಹೋಯ್ತಲ್ಲ."

ಹೆಡ್ಲಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವನು ಮೇಜಿನ ಬಳಿ ಕೂತು, ಜೇಬಿನಿಂದ ಪೆನ್ನು ತೆಗೆದು, ಪೇಪರಿಗೆ ಕಳಿಸುವ ಕಾಗದದಲ್ಲಿ ಎಲ್ಲಕ್ಕಿಂತ ಮೊದಲು ತನ್ನ ಹೆಸರನ್ನು ಬರೆದ.